ಸೋಮವಾರ ಬೆಳಿಗ್ಗೆ ಅವಳು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನನ್ನ ತಂಗಿಯ ಮಗಳಿಗೆ ಈಗ 16 ವರ್ಷ. ಚಿಕ್ಕಂದಿನಿಂದಲೂ ಬುದ್ಧಿಯ ಬೆಳವಣಿಗೆ ನಿಧಾನ. ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ 50 ಎಂದು ಬರೆದಿದ್ದಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದಾಳೆ. ಕನ್ನಡವನ್ನು ಕೂಡಿಸಿಕೊಂಡು ಓದುತ್ತಾಳೆ, ಲೆಕ್ಕ ತಲೆಗೆ ಹತ್ತುವುದಿಲ್ಲ, ಮನೆಗೆಲಸದಲ್ಲಿ ಚುರುಕು. ಶಾಲೆ ಮುಗಿದ ಮೇಲೆ ಮನೆಯಲ್ಲೇ ಇರಲಿ ಎನ್ನುತ್ತಾರೆ ಅವಳ ಅಪ್ಪ. ಒಳ್ಳೆಯ ಕಡೆ ಸಿಕ್ಕರೆ ಮದುವೆ ಮಾಡಿಬಿಡೋಣ ಎನ್ನುತ್ತಾರೆ ಅಜ್ಜಿ. 18 ತುಂಬಿದ ಕೂಡಲೇ ಗಾರ್ಡಿಯನ್‌ಶಿಪ್ ಮಾಡಿಸಿ ಎಂದು ಮನೆಗೆ ಬಂದ ಸ್ನೇಹಿತರೊಬ್ಬರು ಹೇಳಿಹೋಗಿದ್ದಾರೆ. ತಂಗಿಗೆ ‘ನಮ್ಮ ನಂತರ ಯಾರು’ ಎಂಬ ಒಂದೇ ಕೊರಗು. ಯಾರ ಮಾತು ಸರಿ? ಇನ್ನೊಂದು ಕುತೂಹಲ: ಶಾಲೆಗಳಲ್ಲಿ ಇಂಥ ಮಕ್ಕಳನ್ನು ನೋಡುತ್ತೇವೆ. ಅದೇ ಮಕ್ಕಳು ದೊಡ್ಡವರಾದ ಮೇಲೆ ಪೇಟೆಯಲ್ಲಾಗಲಿ ಬಸ್ಸಿನಲ್ಲಾಗಲಿ ಏಕೆ ಕಾಣುವುದಿಲ್ಲ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಕುತೂಹಲದಿಂದಲೇ ಶುರುಮಾಡುತ್ತೇನೆ, ಉಳಿದದ್ದೆಲ್ಲ ಅದಕ್ಕೇ ಅಂಟಿಕೊಂಡಿದೆ. ಆ ಮಕ್ಕಳಲ್ಲಿ ಬಹಳಷ್ಟು ಮಂದಿ ಮನೆಯೊಳಗೇ ಉಳಿದುಬಿಡುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಅನ್ವಯಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 18ರವರೆಗೆ ಕೊಡುತ್ತದೆ. ಹದಿನೆಂಟು ತುಂಬಿದ ಮರುದಿನದಿಂದ, ಬೆಳಿಗ್ಗೆ ಎದ್ದು ಹೋಗಲು ಅವಳಿಗೊಂದು ಜಾಗ ಕೊಡಲೇಬೇಕು ಎಂಬ ಹೊಣೆ ಯಾವ ಸಂಸ್ಥೆಗೂ ಇಲ್ಲ.

ಶಾಲೆ ಅವಳಿಗೆ ಕೊಟ್ಟದ್ದು ಬರೀ ಪಾಠವಲ್ಲ. ಇಷ್ಟು ಹೊತ್ತಿಗೆ ಏಳಬೇಕು, ತಲೆ ಬಾಚಬೇಕು, ಸಮವಸ್ತ್ರ ಹಾಕಬೇಕು ಎಂಬ ಶಿಸ್ತು, ಹಾಜರಿ ಕೂಗುವಾಗ ತನ್ನ ಹೆಸರು, ಬಿಸಿಯೂಟದ ಸಾಲಿನಲ್ಲಿ ಪಕ್ಕದಲ್ಲಿ ನಿಲ್ಲುವ ಗೆಳತಿ, ಸಂಜೆ ಮನೆಗೆ ಬಂದು ಹೇಳಲೊಂದು ಸುದ್ದಿ, ಇವೆಲ್ಲ ಶಾಲೆಯಿಂದಲೇ ಬಂದವು. ಪರೀಕ್ಷೆ ಮುಗಿದ ದಿನ ಇವೆಲ್ಲವೂ ಒಟ್ಟಿಗೇ ನಿಂತುಹೋಗುತ್ತವೆ. ಮೊದಲ ಕೆಲವು ತಿಂಗಳು ರಜೆಯಂತೆ ಕಳೆಯುತ್ತವೆ. ಆಮೇಲೆ ಏಳುವುದು ತಡವಾಗುತ್ತದೆ, ಟಿ.ವಿ.ಯ ಹೊತ್ತು ಹೆಚ್ಚುತ್ತದೆ, ಮೈ ಬರುತ್ತದೆ, ಬರುತ್ತಿದ್ದ ಅಕ್ಷರ ಮರೆತುಹೋಗುತ್ತದೆ, ಸಣ್ಣದಕ್ಕೂ ಸಿಟ್ಟು ಬರುತ್ತದೆ. ‘ಇತ್ತೀಚೆಗೆ ಬಹಳ ಹಠ ಮಾಡುತ್ತಾಳೆ’ ಎಂದು ಮನೆಯವರು ಡಾಕ್ಟರ ಬಳಿ ಹೋಗುವುದು ಈ ಹಂತದಲ್ಲಿ. ಅಷ್ಟು ಹೊತ್ತಿಗೆ ಎರಡು ವರ್ಷ ಕಳೆದಿರುತ್ತದೆ.

ಬೇರೆ ಕೆಲವು ದೇಶಗಳಲ್ಲಿ ಈ ದಾಟುವಿಕೆಗೂ ಕಾನೂನಿನ ಕಟ್ಟುಪಾಡು ಉಂಟು. ಇಂಗ್ಲೆಂಡಿನಲ್ಲಿ ಹೆಚ್ಚಿನ ನೆರವು ಬೇಕಾದ ಮಗುವಿನ ಪ್ರೌಢ ಜೀವನದ ತಯಾರಿಯನ್ನು ಅದಕ್ಕೆ 13–14 ವರ್ಷವಾದಾಗಿನ ವಾರ್ಷಿಕ ಸಭೆಯಲ್ಲಿಯೇ ಶುರುಮಾಡಬೇಕು. ಅಗತ್ಯವಿದ್ದರೆ ಆ ಮಗುವಿನ ನೆರವಿನ ಯೋಜನೆ 25ನೇ ವಯಸ್ಸಿನವರೆಗೂ ನಡೆಯಬಹುದು. ಅಮೆರಿಕದಲ್ಲಿ 16 ತುಂಬುವಷ್ಟರಲ್ಲಿ ಶಾಲೆಯೇ ಮುಂದಿನ ದಾರಿಯನ್ನು ಬರೆದಿಡಬೇಕು. ನಮ್ಮಲ್ಲಿ ಆ ಕೆಲಸ ಮನೆಯವರ ಪಾಲಿಗೆ ಬಂದಿದೆ. ನಿಮ್ಮ ಹುಡುಗಿಗೆ 16. ಕೈಯಲ್ಲಿ ಎರಡು ವರ್ಷವಿದೆ, ಶಾಲೆಯೂ ಇನ್ನೂ ಇದೆ. ಹಾಗಾಗಿ ತಡವಾಗಿಲ್ಲ, ಕಾಯುವಷ್ಟು ಸಮಯವೂ ಇಲ್ಲ.

‘ನಮ್ಮ ನಂತರ ಯಾರು’ ಎಂಬುದು ಇಂಥ ಮಕ್ಕಳ ತಾಯ್ತಂದೆಯರು ಸೇರಿದಲ್ಲೆಲ್ಲ ಕೇಳಿಬರುವ ಮಾತು. ಅದಕ್ಕೆ ಉತ್ತರ ಹುಡುಕುತ್ತ ಕುಳಿತರೆ ಕೈಕಾಲು ಸೋಲುತ್ತವೆ. ಶಾಲೆ ಮುಗಿದ ಮೇಲಿನ ಮೊದಲ ಸೋಮವಾರ ಬೆಳಿಗ್ಗೆ ಅವಳು ಎಲ್ಲಿಗೆ ಹೋಗುತ್ತಾಳೆ, ಏನು ಮಾಡುತ್ತಾಳೆ, ಯಾರನ್ನು ಕಾಣುತ್ತಾಳೆ ಎಂಬ ಸಣ್ಣ ಪ್ರಶ್ನೆಯನ್ನು ಮೊದಲು ಕೈಗೆತ್ತಿಕೊಳ್ಳಿ ಎಂದು ತಂಗಿಗೆ ಹೇಳಿ. ವಾರವಿಡೀ ಹೋಗಿಬರುವ ಜಾಗವಿರುವ, ಹತ್ತಾರು ಮಂದಿಗೆ ಗುರುತಿರುವ, ತನ್ನ ಕೆಲಸ ತಾನು ಮಾಡಿಕೊಳ್ಳುವ ಮೂವತ್ತು ವರ್ಷದ ಹೆಂಗಸಿಗೆ ಆಸರೆ ಹುಡುಕುವುದು ಒಂದು ಮಾತು. ಹನ್ನೆರಡು ವರ್ಷ ಮನೆಯ ಒಳಕೋಣೆಯಲ್ಲೇ ಕಳೆದವಳಿಗೆ ಹುಡುಕುವುದು ಬೇರೆಯೇ ಮಾತು. ಸೋಮವಾರದ ಪ್ರಶ್ನೆ ಬಗೆಹರಿದರೆ ದೊಡ್ಡ ಪ್ರಶ್ನೆಯ ಅರ್ಧ ಭಾರ ಇಳಿಯುತ್ತದೆ.

ಇನ್ನು ನಿಮ್ಮ ಮನೆಯ ಮೂರು ಸಲಹೆಗಳು.

ಮನೆಯಲ್ಲೇ ಇರಲಿ ಎನ್ನುವ ಅಪ್ಪನ ಮಾತಿನಲ್ಲಿ ಪ್ರೀತಿಯಿದೆ, ಭಯವೂ ಇದೆ. ಭಯ ಸುಳ್ಳಲ್ಲ. ಆದರೆ ಮನೆಯಲ್ಲಿ ಇರಿಸಿಕೊಂಡರೆ ಅಪಾಯ ತಪ್ಪುತ್ತದೆ ಎಂಬುದು ಪೂರ್ತಿ ನಿಜವಲ್ಲ. ತನ್ನ ತೊಂದರೆಯನ್ನು ಹೇಳಿಕೊಳ್ಳಲು ಮನೆಯ ಹೊರಗೆ ಒಬ್ಬರೂ ಇಲ್ಲದ ಹುಡುಗಿಗೆ ಅಪಾಯ ಹೆಚ್ಚು. ಒಂದು ಮಾತನ್ನು ಅಪ್ಪನಿಗೆ ಮುಟ್ಟಿಸಿ: 10ನೇ ತರಗತಿ ಮುಗಿಯುವುದಕ್ಕೂ ಕಲಿಕೆಯ ಹಕ್ಕು ಮುಗಿಯುವುದಕ್ಕೂ ಸಂಬಂಧವಿಲ್ಲ. 18ರವರೆಗೆ ಹತ್ತಿರದ ಸಾಮಾನ್ಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆರಿಸಿಕೊಳ್ಳುವ ಹಕ್ಕು ಅವಳಿಗಿದೆ. ಎಸ್ಸೆಸ್ಸೆಲ್ಸಿಗೆ ಕುಳಿತರೆ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಭಾಷಾ ವಿನಾಯಿತಿಯಂಥ ಅನುಕೂಲಗಳಿವೆ. ಅವುಗಳಿಗೆ ಮುಖ್ಯ ಶಿಕ್ಷಕರ ಮೂಲಕ ಮುಂಚಿತವಾಗಿ ಅರ್ಜಿ ಹೋಗಬೇಕು, ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು. ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಹೊಂದಿಕೊಂಡು, ವಿಶೇಷ ಅಗತ್ಯದ ಮಕ್ಕಳಿಗಾಗಿ ಕೆಲಸ ಮಾಡುವ ಬಿಐಇಆರ್‌ಟಿ ಶಿಕ್ಷಕರಿಗೆ ಈ ದಾರಿ ಗೊತ್ತಿರುತ್ತದೆ. ಅಲ್ಲಿ ಆಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್ಐಒಎಸ್ ಇದೆ. ಒಂದು ಭಾಷೆ ಸೇರಿ ಐದು ವಿಷಯ ಸಾಕು, ಗಣಿತ ಕಡ್ಡಾಯವಲ್ಲ, ಒಮ್ಮೆ ನೋಂದಾಯಿಸಿದರೆ ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು. ಲೆಕ್ಕ ತಲೆಗೆ ಹತ್ತದ ಹುಡುಗಿಗೆ ಇದು ಸಣ್ಣ ಸಂಗತಿಯಲ್ಲ.

ಅಜ್ಜಿಯ ಸಲಹೆ ಕಠಿಣವಾದದ್ದು. ಬುದ್ಧಿ ಬೆಳವಣಿಗೆ ನಿಧಾನವಾಗಿರುವವರು ಮದುವೆಯಾಗಬಾರದು ಎಂದೇನಿಲ್ಲ, ಸಂಸಾರ ನಡೆಸುತ್ತಿರುವವರೂ ಇದ್ದಾರೆ. ಆದರೆ ‘ನೋಡಿಕೊಳ್ಳುವವರೊಬ್ಬರು ಸಿಕ್ಕರೆ ಸಾಕು’ ಎಂದು ಹುಡುಕುವುದು ಗಂಡನನ್ನಲ್ಲ, ಕಾವಲುಗಾರನನ್ನು. ಹಿಂದೂ ವಿವಾಹ ಕಾಯ್ದೆಯ 5ನೇ ಸೆಕ್ಷನ್ ಕೇಳುವುದು ಅರ್ಥವಾಗಿ ಕೊಟ್ಟ ಒಪ್ಪಿಗೆಯನ್ನು. ಅದಿಲ್ಲದ ಮದುವೆಯನ್ನು ನ್ಯಾಯಾಲಯ ರದ್ದು ಮಾಡಬಹುದು. ವಿಷಯ ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮೊದಲ ಬಲಿ ಹುಡುಗಿಯೇ. ಮದುವೆ ಎಂದರೇನು, ಯಾರೊಡನೆ, ಏಕೆ ಎಂಬುದು ಅವಳಿಗೆ ತಿಳಿದು, ಅವಳೇ ಬಯಸುವ ಕಾಲ ಬಂದರೆ ಆಗ ಮಾತಾಡಬಹುದು. 18ಕ್ಕೆ ಅದು ಪರಿಹಾರವಲ್ಲ, ಕಾನೂನಿನ ಪ್ರಕಾರ ಅದಕ್ಕೆ ಮುಂಚೆಯಂತೂ ಅದು ಅಪರಾಧ.

ಮೂರನೆಯದು ಗಾರ್ಡಿಯನ್‌ಶಿಪ್. 18 ತುಂಬಿದೊಡನೆ ತಾಯ್ತಂದೆ ಅವಳ ಸಹಜ ಪೋಷಕರಾಗಿ ಉಳಿಯುವುದಿಲ್ಲ ಎಂಬುದು ನಿಜ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯ, ಈ ನಾಲ್ಕಕ್ಕಾಗಿ 1999ರಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ಸ್ಥಳೀಯ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಸ್ವತಃ ವೈಕಲ್ಯವುಳ್ಳ ಒಬ್ಬರು ಅದರಲ್ಲಿರುತ್ತಾರೆ. 18 ದಾಟಿದವರಿಗೆ ಪೋಷಕರನ್ನು ನೇಮಿಸುವುದು ಈ ಸಮಿತಿ. ನಿಮಗೆ ಅದು ಶಿವಮೊಗ್ಗದಲ್ಲಿ. ಅದು ಕೊಡುವ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯೂ ಇದೆ. ಪೋಷಕರಾದವರು ಆರು ತಿಂಗಳೊಳಗೆ ಅವಳ ಆಸ್ತಿಯ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು, ತಪ್ಪಿ ನಡೆದರೆ ಸಮಿತಿ ಅವರನ್ನು ತೆಗೆಯಬಹುದು.

ಹಾಗಾದರೆ ಕೂಡಲೇ ಮಾಡಿಸಬೇಕೇ? ಅಗತ್ಯ ಬಿದ್ದರೆ ಮಾತ್ರ. ಅವಳ ಹೆಸರಿನಲ್ಲಿ ಆಸ್ತಿಯ ವ್ಯವಹಾರ ಇದ್ದರೆ, ಕೋರ್ಟು ಕಚೇರಿಯ ಸಹಿ ಬೇಕಾದರೆ, ಬ್ಯಾಂಕು ಬೇರೆ ದಾರಿಯಿಲ್ಲ ಎಂದರೆ ಮಾಡಿಸಿ. 2016ರ ಕಾಯ್ದೆಯ ನಿಲುವು ಬೇರೆಯ ತೂಕದ್ದು. ವೈಕಲ್ಯವುಳ್ಳವರಿಗೂ ಕಾನೂನಿನ ಕಣ್ಣಲ್ಲಿ ಸಮಾನ ಸಾಮರ್ಥ್ಯವಿದೆ ಎಂದು ಅದರ 13ನೇ ಸೆಕ್ಷನ್ ಹೇಳುತ್ತದೆ. 14ನೇ ಸೆಕ್ಷನ್ ತಂದ ‘ಸೀಮಿತ ಪೋಷಕತ್ವ’ದಲ್ಲಿ ಇಂಥದೊಂದು ಕೆಲಸಕ್ಕೆ, ಇಷ್ಟು ಕಾಲಕ್ಕೆ, ಅವಳೂ ಪೋಷಕರೂ ಕೂಡಿ ತೀರ್ಮಾನ ತೆಗೆದುಕೊಳ್ಳುತ್ತಾರೆ. ಶೇ 50 ಎಂದರೆ ಸೌಮ್ಯ ಪ್ರಮಾಣದ ಬೌದ್ಧಿಕ ವೈಕಲ್ಯ. ಅಂಥ ಹುಡುಗಿ ಕಲಿಸಿದರೆ ತನ್ನ ಖಾತೆಯಿಂದ ಹಣ ತೆಗೆಯಬಲ್ಲಳು. ಅವಳ ಎಲ್ಲ ತೀರ್ಮಾನಗಳನ್ನೂ ಒಂದೇ ದಿನ ಇನ್ನೊಬ್ಬರ ಕೈಗೆ ಬರೆದುಕೊಡುವ ಮುನ್ನ, ಅವಳಿಗೆ ತೀರ್ಮಾನಿಸುವ ಅಭ್ಯಾಸ ಮಾಡಿಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಇಲ್ಲಿ ನಿಮ್ಮ ಪತ್ರದ ಒಂದು ಕೊರತೆ ಹೇಳಲೇಬೇಕು. ಅದರಲ್ಲಿ ಅಪ್ಪ, ಅಮ್ಮ, ಅಜ್ಜಿ, ಸ್ನೇಹಿತರು ಎಲ್ಲರ ಮಾತೂ ಇದೆ, ಹುಡುಗಿಯದು ಇಲ್ಲ. ‘ದೊಡ್ಡವಳಾಗಿ ಏನಾಗ್ತೀಯ’ ಎಂದು ಕೇಳಿದರೆ ಅವಳಿಂದ ಉತ್ತರ ಬರಲಿಕ್ಕಿಲ್ಲ, ಬಂದರೂ ‘ಟೀಚರ್’ ಎಂದೀತು. ಅವಳನ್ನು ಕೇಳುವ ಕ್ರಮವೇ ಬೇರೆ. ಎರಡು ಜಾಗಗಳಿಗೆ ಕರೆದುಕೊಂಡು ಹೋಗಿ, ಎರಡು ಕೆಲಸ ಮಾಡಿಸಿ ನೋಡಿ. ಮರುದಿನ ಯಾವ ಜಾಗಕ್ಕೆ ಹೇಳದೆಯೇ ಚಪ್ಪಲಿ ಹಾಕಿಕೊಳ್ಳುತ್ತಾಳೆ, ಎಲ್ಲಿ ಹೊಟ್ಟೆನೋವು ಬರುತ್ತದೆ, ಯಾವುದರ ಬಗ್ಗೆ ರಾತ್ರಿ ಮಾತಾಡುತ್ತಾಳೆ ಗಮನಿಸಿ. ಗದ್ದಲ ಇಷ್ಟವೇ, ಸಹಿಸಲಾರಳೇ? ಒಬ್ಬಳೇ ಮಾಡುವ ಕೆಲಸವೋ ನಾಲ್ವರ ಜೊತೆಗೋ? ನಿಂತು ಮಾಡುವುದೋ ಕೂತು ಮಾಡುವುದೋ? ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಜೊತೆಗೆ ಇಂದಿನಿಂದಲೇ ದಿನಕ್ಕೆ ನಾಲ್ಕಾರು ಸಣ್ಣ ಆಯ್ಕೆಗಳನ್ನು ಅವಳಿಗೆ ಬಿಡಿ: ಯಾವ ಬಟ್ಟೆ, ಅಂಗಡಿಯಿಂದ ಯಾವ ಸೋಪು, ಭಾನುವಾರ ಯಾರ ಮನೆ. ತಪ್ಪು ಆಯ್ಕೆ ಮಾಡಿದರೆ ಮಾಡಲಿ. ಹತ್ತು ರೂಪಾಯಿಯ ತಪ್ಪು ಮಾಡಲು ಬಿಡದವಳಿಗೆ ಮುಂದೆ ಹತ್ತು ಸಾವಿರದ ವಿಷಯದಲ್ಲಿ ‘ಬೇಡ’ ಎನ್ನಲು ಬಾಯಿ ಬರುವುದಿಲ್ಲ.

ಕೆಲಸದ ವಿಷಯಕ್ಕೆ ಬರೋಣ. ‘ಅವಳಿಗೆ ಏನು ಬರುತ್ತದೆ’ ಎಂಬ ಪ್ರಶ್ನೆ ಸಾಮಾನ್ಯವಾಗಿ ಮಾತನ್ನು ಅಲ್ಲಿಗೇ ನಿಲ್ಲಿಸುತ್ತದೆ. ಅಮೆರಿಕದ ಮಾರ್ಕ್ ಗೋಲ್ಡ್ ಎಂಬ ಶಿಕ್ಷಣ ಸಂಶೋಧಕ 1970ರ ದಶಕದಲ್ಲಿ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ. ಏನನ್ನೂ ಕಲಿಯಲಾರರು ಎಂದು ಕೈಬಿಟ್ಟಿದ್ದ, ತೀವ್ರ ಬೌದ್ಧಿಕ ವೈಕಲ್ಯದವರೂ ಸೇರಿದ್ದ ಯುವಜನರಿಗೆ ಅವನು ಸೈಕಲ್ ಬ್ರೇಕಿನ ಬಿಡಿಭಾಗಗಳನ್ನು ಜೋಡಿಸಲು ಕಲಿಸಿದ. ಉಪನ್ಯಾಸ ಕೊಡಲಿಲ್ಲ. ಕೆಲಸವನ್ನು ಪುಟ್ಟ ಪುಟ್ಟ ಹಂತಗಳಾಗಿ ಬಿಡಿಸಿದ, ಭಾಗಗಳನ್ನು ಜೋಡಿಸಬೇಕಾದ ಅನುಕ್ರಮದಲ್ಲಿಯೇ ಸಾಲಾಗಿ ಇಟ್ಟ, ಯಾವ ಬದಿ ಎತ್ತ ಇರಬೇಕು ಎಂಬುದಕ್ಕೆ ಬಣ್ಣದ ಗುರುತು ಹಾಕಿದ. ತಪ್ಪಿದಾಗ ‘ಇನ್ನೊಂದು ರೀತಿ ನೋಡು’ ಎಂದಷ್ಟೇ ಹೇಳುತ್ತಿದ್ದ. ಅವರು ಕಲಿತರು. ಕಲಿಯದಿದ್ದರೆ ಕಲಿಸುವವರು ಹಂತಗಳನ್ನು ಇನ್ನೂ ಚಿಕ್ಕದಾಗಿ ಬಿಡಿಸಬೇಕು ಎಂಬುದು ಅವನ ಕೆಲಸದ ಸಾರ.

ನಿಮ್ಮ ಸೀಮೆಗೆ ಇದನ್ನು ತನ್ನಿ. ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಎಂದುಕೊಳ್ಳಿ. ಹಾಳೆ ನೆನೆಹಾಕುವುದು, ಉಜ್ಜಿ ತೊಳೆಯುವುದು, ನೀರು ಸೋರಲು ನಿಲ್ಲಿಸುವುದು, ಬಿಸಿ ಅಚ್ಚಿಗೆ ಕೊಡುವುದು, ಅಂಚು ಕತ್ತರಿಸುವುದು, ಒಡಕು ನೋಡಿ ಬೇರ್ಪಡಿಸುವುದು, ಇಪ್ಪತ್ತೈದರಂತೆ ಕಟ್ಟುವುದು. ಬಿಸಿ ಅಚ್ಚಿನ ಕೆಲಸ ಅವಳಿಗೆ ಬೇಡ. ತೊಳೆಯುವುದು, ಒಡಕು ನೋಡುವುದು, ಕಟ್ಟುವುದು ಆದೀತು. ಇಪ್ಪತ್ತೈದು ಎಣಿಸಲು ಬಾರದೇ? ಇಪ್ಪತ್ತೈದು ತಟ್ಟೆಯ ಎತ್ತರಕ್ಕೆ ಗೆರೆ ಎಳೆದ ಒಂದು ಕೋಲು ನೆಟ್ಟರೆ ಆಯಿತು, ಗೆರೆ ಮುಟ್ಟಿದಾಗ ಕಟ್ಟಿದರೆ ಸರಿ. ಲೆಕ್ಕ ಬರದ ಹುಡುಗಿ ಲೆಕ್ಕದ ಕೆಲಸ ಮಾಡುವುದು ಹೀಗೆ. ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಹಪ್ಪಳ ಉಪ್ಪಿನಕಾಯಿ ಘಟಕದಲ್ಲಿ ಲೇಬಲ್ ಅಂಟಿಸುವುದು, ಅಂಗನವಾಡಿಯಲ್ಲಿ ಸಹಾಯ, ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಾಕುವುದು, ಹೀಗೆ ಊರಿನಲ್ಲಿಯೇ ಹುಡುಕಿ.

‘ಮೊದಲು ಪೂರ್ತಿ ಕಲಿಯಲಿ, ಆಮೇಲೆ ಕೆಲಸಕ್ಕೆ ಸೇರಲಿ’ ಎಂಬ ಹಳೆಯ ಕ್ರಮದಲ್ಲಿ ತರಬೇತಿಯೇ ಮುಗಿಯದೆ ವರ್ಷಗಳು ಉರುಳುತ್ತವೆ, ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸುವುದು ಇಂಥವರಿಗೆ ಕಷ್ಟವೂ ಹೌದು. ಅದಕ್ಕೇ ನಿಜವಾದ ಕೆಲಸದ ಜಾಗಕ್ಕೆ ಮೊದಲು ಸೇರಿಸಿ, ಪಕ್ಕದಲ್ಲಿ ಒಬ್ಬರನ್ನು ಕೆಲವು ವಾರ ನಿಲ್ಲಿಸಿ, ಕಲಿತಂತೆಲ್ಲ ಅವರು ಹಿಂದೆ ಸರಿಯುವ ಪದ್ಧತಿ ಬಂತು. ಅಮೆರಿಕದ ಕಾನೂನು 1986ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿತು. ನಮ್ಮಲ್ಲಿ 1999ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎನೇಬಲ್ ಇಂಡಿಯಾ ವೈಕಲ್ಯವುಳ್ಳವರನ್ನು ಉದ್ಯೋಗಕ್ಕೆ ಜೋಡಿಸುವ ಕೆಲಸ ಮಾಡುತ್ತಿದೆ. 1959ರಿಂದ ಇರುವ ಬೆಂಗಳೂರಿನ ಎಪಿಡಿ ಸಂಸ್ಥೆ ತೋಟಗಾರಿಕೆಯ ತರಬೇತಿ ಕೊಡುತ್ತದೆ. 2017ರಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಆವರಣದಲ್ಲಿ ಚಿಕ್ಕದಾಗಿ ಶುರುವಾದ ಮಿಟ್ಟಿ ಕೆಫೆಯನ್ನು ನಡೆಸುವವರು ವೈಕಲ್ಯವುಳ್ಳ ಯುವಜನರೇ. 2023ರಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೂ ತೆರೆಯಿತು. ಇವೆಲ್ಲ ಪಟ್ಟಣದ ಸಂಗತಿಗಳು, ಸಾಗರದಿಂದ ದೂರ. ಆದರೆ ಪಕ್ಕದಲ್ಲಿ ಕೆಲವು ವಾರ ನಿಲ್ಲುವ ಆ ಒಬ್ಬರು ಚಿಕ್ಕಮ್ಮನಾಗಿರಬಹುದು, ಸ್ತ್ರೀಶಕ್ತಿ ಸಂಘದ ಸದಸ್ಯೆಯಾಗಿರಬಹುದು.

ಶುರುವಿಗೆ ವಾರದಲ್ಲಿ ಮೂರು ದಿನ, ಅರ್ಧ ದಿನ ಸಾಕು. ಸಂಬಳ ಎಷ್ಟೇ ಇರಲಿ, ಅವಳ ಕೈಗೇ ಬರಲಿ, ಒಂದು ಪಾಲನ್ನು ಅವಳೇ ಖರ್ಚು ಮಾಡಲಿ. ‘ಹೊತ್ತು ಹೋಗಲಿ ಎಂದು ಬರುತ್ತಾಳೆ, ಸಂಬಳ ಏಕೆ’ ಎನ್ನುವ ಮಾಲೀಕರು ಸಿಗುತ್ತಾರೆ, ನಯವಾಗಿಯೇ ಆ ಜಾಗ ಬಿಡಿ. ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4ರ ಮೀಸಲಾತಿಯಿದೆ. ಅದರಲ್ಲಿ ಶೇ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯದವರೆಲ್ಲರಿಗೂ ಸೇರಿದ್ದು. ಹಕ್ಕು ಹೌದು, ಆದರೆ ಅದೊಂದನ್ನೇ ನಂಬಿ ಕಾಯುತ್ತ ಕೂರಬೇಡಿ.

ಕೆಲಸಕ್ಕಿಂತ ಮುಂಚೆ ಬಸ್ಸು. ಒಬ್ಬಳೇ ಹೋಗಿಬರಲು ಬಾರದೆ ಕೈತಪ್ಪುವ ಅವಕಾಶಗಳೇ ಹೆಚ್ಚು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವಳಿಗೂ ನಿಮ್ಮ ತಂಗಿಗೂ ಟಿಕೆಟ್ ಹಣದ ಚಿಂತೆಯಿಲ್ಲ, ಆ ಬಸ್ಸು ಓಡುವ ದಾರಿಯಲ್ಲಿ ಅಭ್ಯಾಸಕ್ಕೆ ಖರ್ಚೇ ಇಲ್ಲ. ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಎರಡು ಸೀಟು ಹಿಂದೆ ಕೂತು, ಆಮೇಲೆ ಇಳಿಯುವ ನಿಲ್ದಾಣದಲ್ಲಿ ಕಾದು ನಿಂತು, ಕೊನೆಗೆ ಫೋನಿನಲ್ಲಿ ಮಾತ್ರ. ಬೋರ್ಡು ಓದಲು ತಡವಾದರೆ ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ, ಕಂಡಕ್ಟರಿಗೆ ತೋರಿಸುತ್ತಾಳೆ. ದಾರಿ ತಪ್ಪಿದರೆ ಯಾರನ್ನು ಕೇಳಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಬೇಕೆಂದೇ ಅಭ್ಯಾಸ ಮಾಡಿಸಿ. ನಿತ್ಯ ಅದೇ ಬಸ್ಸಿನಲ್ಲಿ ಹೋಗುವ ಹುಡುಗಿಯ ಗುರುತು ಕಂಡಕ್ಟರಿಗೂ ಸಹಪ್ರಯಾಣಿಕರಿಗೂ ಆಗುತ್ತದೆ. ಅಪ್ಪನ ಭಯಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿಯದು.

ಮೈ ಬೆಳೆದ ವಿಷಯವನ್ನು ಅನೇಕ ಮನೆಗಳಲ್ಲಿ ಮಾತಾಡುವುದೇ ಇಲ್ಲ. ಮುಟ್ಟಿನ ದಿನಗಳ ನಿರ್ವಹಣೆಯನ್ನೂ ಹಂತ ಹಂತವಾಗಿ ಕಲಿಸಬಹುದು. ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ, ಕಪಾಟಿನಲ್ಲಿ ಒಂದೇ ಜಾಗ, ಬದಲಿಸುವ ಹೊತ್ತು ನಿಗದಿ. ತೊಂದರೆ ಎಂದು ಗರ್ಭಕೋಶ ತೆಗೆಸಿಬಿಡಿ ಎನ್ನುವವರು ಇಂದಿಗೂ ಇದ್ದಾರೆ. 1994ರಲ್ಲಿ ಪುಣೆಯಲ್ಲಿ ಸರ್ಕಾರಿ ವಸತಿಗೃಹವೊಂದರ ಹೆಣ್ಣುಮಕ್ಕಳಿಗೆ ಹೀಗೆಯೇ ಮಾಡಿದ್ದು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಗಿತ್ತು. ವ್ಯಕ್ತಿ ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ ಎಂದು 2016ರ ಕಾಯ್ದೆಯ 10ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಸೌಮ್ಯ ಬೌದ್ಧಿಕ ವೈಕಲ್ಯದ ಪ್ರಾಪ್ತ ವಯಸ್ಕ ಮಹಿಳೆಯ ಗರ್ಭವನ್ನು ಅವಳು ಬೇಡವೆಂದರೂ ತೆಗೆಸಬಹುದೇ ಎಂಬ ಪ್ರಶ್ನೆ 2009ರಲ್ಲಿ ಚಂಡೀಗಡದಿಂದ ಸುಪ್ರೀಂ ಕೋರ್ಟಿಗೆ ಹೋದಾಗ, ಅವಳ ಒಪ್ಪಿಗೆಯೇ ಮುಖ್ಯ ಎಂದು ಕೋರ್ಟು ಹೇಳಿತು.

ಸುರಕ್ಷತೆಗೆ ‘ಅಪರಿಚಿತರ ಜೊತೆ ಮಾತಾಡಬೇಡ’ ಎಂಬ ಒಂದು ಸಾಲು ಸಾಲದು, ಪೀಡಿಸುವವರು ಹೆಚ್ಚಾಗಿ ಪರಿಚಿತರೇ. ದೇಹದ ಭಾಗಗಳ ಹೆಸರು ಗೊತ್ತಿರಲಿ, ಬಾಗಿಲು ಹಾಕಿ ಮಾಡುವ ಕೆಲಸ ಯಾವುದು ಎಂದು ತಿಳಿದಿರಲಿ. ‘ಬೇಡ’ ಎಂದಾಗ ಮನೆಯವರೂ ಆ ಬೇಡವನ್ನು ಮನ್ನಿಸಲಿ. ಕೆನ್ನೆ ಹಿಂಡುವ ನೆಂಟರಿಗೆ ಸುಮ್ಮನೆ ನಿಲ್ಲು ಎಂದು ಕಲಿಸಿದವಳಿಗೆ ಬೇರೆಯವರನ್ನು ತಡೆ ಎಂದರೆ ಗೊಂದಲವಾಗುತ್ತದೆ. ಹೇಳಿಕೊಳ್ಳಲು ಮೂವರ ಹೆಸರು ಅವಳ ಬಾಯಲ್ಲಿರಲಿ, ಅದರಲ್ಲಿ ಒಬ್ಬರು ಮನೆಯ ಹೊರಗಿನವರು.

ಕಾಗದಪತ್ರಗಳ ಕೆಲಸ ಬೇಸರದ್ದು, ಆದರೂ 18ರ ಹುಟ್ಟುಹಬ್ಬಕ್ಕೆ ಮುನ್ನ ಮುಗಿಸಿ. ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ ಇದೆಯೇ, ಅದರ ಅವಧಿ ಎಂದಿಗೆ ಮುಗಿಯುತ್ತದೆ ನೋಡಿ. ಮಕ್ಕಳಿಗೆ ಕೊಟ್ಟ ಪ್ರಮಾಣಪತ್ರ ನವೀಕರಿಸಬೇಕಾಗಿ ಬರುವುದು ಸಾಮಾನ್ಯ. ಆಧಾರ್‌ಗೆ 15 ದಾಟಿದ ಮೇಲಿನ ಬೆರಳಚ್ಚು ಕೊಟ್ಟಿದ್ದೀರಾ? ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆಯೇ? ಮಾಸಾಶನಕ್ಕೆ ಅರ್ಜಿ ಹಾಕಿಲ್ಲದಿದ್ದರೆ ನಾಡಕಚೇರಿಗೆ ಹೋಗಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತದೆ, ಮುಂಚಿತ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ. ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರಿಗೆ ಬದಲಾಗುವಾಗ ಹಳೆಯ ಚೀಟಿಗಳನ್ನೆಲ್ಲ ಒಂದೇ ಕಡತದಲ್ಲಿ ಸೇರಿಸಿ ಒಯ್ಯಿರಿ. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ., ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಎಂಬ ಪುನರ್ವಸತಿ ಕಾರ್ಯಕರ್ತರು ಈ ಓಡಾಟಕ್ಕೆಂದೇ ಇದ್ದಾರೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗೆಂದು ಮೀಸಲಿಡಬೇಕು, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ.

ಈಗ ‘ನಮ್ಮ ನಂತರ’. ಮೊದಲು ಆಸ್ತಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಕಾಯಿಲೆ, ಕುಂದು, ವೈಕಲ್ಯದ ಕಾರಣಕ್ಕೆ ಯಾರನ್ನೂ ಪಾಲಿನಿಂದ ಹೊರಗಿಡುವಂತಿಲ್ಲ. ‘ಅವಳಿಗೇಕೆ, ತಮ್ಮ ನೋಡಿಕೊಳ್ಳುತ್ತಾನೆ’ ಎಂದು ಅವಳ ಪಾಲನ್ನು ಬೇರೆಯವರಿಗೆ ಬರೆದುಬಿಡುವುದು ನಮ್ಮಲ್ಲಿ ಮಾಮೂಲು. ನೋಡಿಕೊಳ್ಳುವವರಿಗೆ ಆಸ್ತಿ ಹೋಗಿ, ಅವಳು ಬರಿಗೈಯಾಗುವುದು ಹೀಗೆಯೇ. ಉಯಿಲು ಬರೆಯಿರಿ. ಹಣ ಅಥವಾ ಜಮೀನು ಒಂದಿಷ್ಟು ಇದ್ದರೆ 1882ರ ಟ್ರಸ್ಟ್ ಕಾಯ್ದೆಯಡಿ ಅವಳೊಬ್ಬಳಿಗಾಗಿಯೇ ಖಾಸಗಿ ಟ್ರಸ್ಟ್ ಮಾಡಿ, ಒಬ್ಬರಿಗಿಂತ ಹೆಚ್ಚು ಟ್ರಸ್ಟಿಗಳನ್ನು ನೇಮಿಸುವ ದಾರಿಯಿದೆ, ವಕೀಲರನ್ನು ಕಾಣಿ. ತಾಯ್ತಂದೆಯರಲ್ಲಿ ಯಾರಾದರೂ ಸರ್ಕಾರಿ ನೌಕರಿಯಲ್ಲಿದ್ದರೆ ಅಥವಾ ಪಿ.ಎಫ್. ಪಿಂಚಣಿಗೆ ಸೇರಿದ್ದರೆ, ದುಡಿಯಲಾರದಷ್ಟು ವೈಕಲ್ಯವುಳ್ಳ ಮಕ್ಕಳಿಗೆ ಜೀವಮಾನದ ಪಿಂಚಣಿಯ ಅವಕಾಶವಿದೆ. ನಿಮ್ಮ ಹುಡುಗಿಗೆ ಅನ್ವಯಿಸುತ್ತದೆಯೇ ಎಂದು ಈಗಲೇ ವಿಚಾರಿಸಿ, ಹೆಸರನ್ನು ದಾಖಲೆಗೆ ಸೇರಿಸಿಡಿ.

ಅಣ್ಣ ತಮ್ಮ ಅಕ್ಕ ತಂಗಿಯರಿದ್ದರೆ ಅವರನ್ನು ಕೇಳಿ, ಹೊರಿಸಬೇಡಿ. ‘ಎಲ್ಲ ನಿನ್ನದೇ ಹೊಣೆ’ ಎಂದು ಹತ್ತು ವರ್ಷದವನಿಗೆ ಹೇಳಿದರೆ ಅವನು ಹೆದರುತ್ತಾನೆ. ‘ನೀನು ಯಾವ ಕೆಲಸ ಮಾಡಬಲ್ಲೆ’ ಎಂದು ಇಪ್ಪತ್ತರವನನ್ನು ಕೇಳಿದರೆ ಪ್ರಾಮಾಣಿಕ ಉತ್ತರ ಸಿಗುತ್ತದೆ. ಹೊಣೆಯನ್ನು ತುಂಡು ಮಾಡಿ ಹಂಚಿ, ಒಬ್ಬರು ಹಣದ ಲೆಕ್ಕ, ಒಬ್ಬರು ಆಸ್ಪತ್ರೆ, ಒಬ್ಬರು ಹಬ್ಬ ಹರಿದಿನ. ನ್ಯಾಷನಲ್ ಟ್ರಸ್ಟಿನ ಘರೌಂದಾ ಯೋಜನೆಯಡಿ ವಯಸ್ಕರಿಗೆ ಸಾಮೂಹಿಕ ಮನೆಗಳೂ ಇವೆ, ಒಮ್ಮೆ ಹೋಗಿ ನೋಡಿಬಂದರೆ ನಷ್ಟವಿಲ್ಲ. ಎಲ್ಲಕ್ಕಿಂತ ಮುಂಚೆ, ಅಮ್ಮನಿಲ್ಲದೆ ರಾತ್ರಿ ಕಳೆಯುವುದು ಅಭ್ಯಾಸವಾಗಲಿ. ಆಸ್ಪತ್ರೆಯ ತುರ್ತಿನಲ್ಲಿ ಅದು ಮೊದಲ ಸಲ ಆಗುವುದು ಬೇಡ.

ನೀವೇನು ಮಾಡಬಹುದು ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಆ ಮೊದಲ ರಾತ್ರಿಗಳಿಗೆ ನಿಮ್ಮ ಮನೆ ಕೊಡಿ. ಅವಳಿಗೆ ಯಾವ ತಿಂಡಿ ಸೇರುತ್ತದೆ, ಯಾವ ಶಬ್ದಕ್ಕೆ ಹೆದರುತ್ತಾಳೆ, ನೋವಾದರೆ ಹೇಗೆ ತಿಳಿಸುತ್ತಾಳೆ, ಯಾವ ಔಷಧಿ ಯಾವ ಹೊತ್ತಿಗೆ, ಸಿಟ್ಟು ಬಂದಾಗ ಏನು ಮಾಡಿದರೆ ಇಳಿಯುತ್ತದೆ ಎಂಬುದೆಲ್ಲ ಈಗ ನಿಮ್ಮ ತಂಗಿಯ ತಲೆಯಲ್ಲಿ ಮಾತ್ರ ಇದೆ. ಅವಳನ್ನು ಕೂರಿಸಿಕೊಂಡು ಅದನ್ನೆಲ್ಲ ಬರೆಸಿ, ಎರಡು ಪ್ರತಿ ಮಾಡಿ, ಒಂದನ್ನು ನೀವಿಟ್ಟುಕೊಳ್ಳಿ. ಹುಡುಗಿಗೆ 18 ತುಂಬಿದಾಗ ಮತದಾರರ ಪಟ್ಟಿಗೆ ಅವಳ ಹೆಸರು ಸೇರಿಸಲು ಫಾರಂ 6 ತುಂಬಿಸಿ. ನ್ಯಾಯಾಲಯವೇ ಅಸ್ವಸ್ಥಚಿತ್ತೆ ಎಂದು ಘೋಷಿಸದ ಹೊರತು ಅವಳ ಮತವನ್ನು ಯಾರೂ ತಡೆಯುವಂತಿಲ್ಲ. ‘ಅವಳಿಗೇನು ತಿಳಿಯುತ್ತದೆ’ ಎಂದು ಆಗ ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಂದಿನ ಎರಡು ವರ್ಷ ನೀವೆಲ್ಲ ಅವಳಿಂದ ಎಷ್ಟು ತೀರ್ಮಾನಗಳನ್ನು ಮಾಡಿಸುತ್ತೀರಿ ಎಂಬುದರ ಮೇಲೆ ಅದಕ್ಕೆ ಅವಳು ಕೊಡುವ ಉತ್ತರ ನಿಂತಿದೆ.